ಸಂಪಾದಕರ ಉತ್ತರ: ವಾಪಸ್ ಬಂದ ಸ್ಯಾಂಪಲ್

ತುಮಕೂರಿನ ಓದುಗರೊಬ್ಬರು ಸಿಟ್ಟಿನಲ್ಲೇ ಕಾಗದ ಬರೆದಿದ್ದಾರೆ. ಅವರ ತಾಯಿಗೆ ಆಪರೇಷನ್ ಇತ್ತು. ರಕ್ತದ ಗುಂಪು ನೋಡಲು, ಕ್ರಾಸ್‌ಮ್ಯಾಚ್ (ಏರಿಸುವ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅನ್ನುವ ಪರೀಕ್ಷೆ) ಮಾಡಲು ತೆಗೆದ ಸ್ಯಾಂಪಲ್ಲನ್ನು ಬ್ಲಡ್ ಬ್ಯಾಂಕಿನವರು ವಾಪಸ್ ಕಳಿಸಿದರಂತೆ. ಟ್ಯೂಬಿನ ಮೇಲೆ 'ಲಕ್ಷ್ಮಮ್ಮ, ಬೆಡ್ 12' ಅಂತಷ್ಟೇ ಇತ್ತು, ಅಡ್ಮಿಟ್ ಆದ ರೋಗಿಗೆ ಆಸ್ಪತ್ರೆ ಕೊಡುವ ಐಪಿ ನಂಬರ್ ಇರಲಿಲ್ಲ. "ಐಪಿ ನಂಬರ್ ಪೆನ್ನಲ್ಲಿ ಬರೆದಿದ್ದರೆ ಮುಗೀತಿತ್ತು. ಅಷ್ಟಕ್ಕೆ ಎಪ್ಪತ್ತು ದಾಟಿದ ಜೀವಕ್ಕೆ ಇನ್ನೊಂದು ಸಲ ಚುಚ್ಚಬೇಕಿತ್ತಾ?" ಅಂತ ಕೇಳಿದ್ದಾರೆ. ಬಂದವರೆಲ್ಲ ಹೆಸರು ಕೇಳಿ ತಲೆ ತಿಂದರು ಅಂತಲೂ ದೂರಿದ್ದಾರೆ. ಬ್ಲಡ್ ಬ್ಯಾಂಕಿನ ಮೇಲೆ ಕಂಪ್ಲೇಂಟ್ ಕೊಡಲು ಹೊರಟಿದ್ದಾರೆ.

ಸ್ವಾಮಿ, ನಿಮ್ಮ ಸಂಕಟ ಅರ್ಥವಾಗುತ್ತದೆ. ವಯಸ್ಸಾದವರ ಕೈಯಲ್ಲಿ ನರ ಸಿಗುವುದೇ ಕಷ್ಟ. ಆದರೆ ನನ್ನ ಓಟು ಆ ಸ್ಯಾಂಪಲ್ ವಾಪಸ್ ಕಳಿಸಿದ ಟೆಕ್ನಿಷಿಯನ್‌ಗೆ. ಅವರು ಯಾರೋ ಗೊತ್ತಿಲ್ಲ, ಸಿಕ್ಕರೆ ಕಾಫಿ ಕೊಡಿಸುತ್ತೇನೆ.

ಯೋಚನೆ ಮಾಡಿ. ಐಪಿ ನಂಬರ್ ಬರೆಯಬಹುದಿತ್ತು, ಸರಿ. ಯಾವ ಲಕ್ಷ್ಮಮ್ಮನ ನಂಬರ್? ನಮ್ಮ ಕಡೆ ಒಂದು ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಒಬ್ಬರು ಲಕ್ಷ್ಮೀದೇವಮ್ಮ ಇರುವುದು ಏನು ಹೆಚ್ಚು? ಬೆಡ್ ಅಂತೂ ಮಧ್ಯಾಹ್ನದ ಹೊತ್ತಿಗೆ ಬದಲಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇದನ್ನು ಹೇಳಿದೆ. ರೋಗಿಯನ್ನು ಗುರುತಿಸಲು ಕನಿಷ್ಠ ಎರಡು ವಿವರ ಬೇಕು, ರೂಮ್ ನಂಬರ್ ಲೆಕ್ಕಕ್ಕಿಲ್ಲ, ಲೇಬಲ್ ಹಚ್ಚುವುದು ರೋಗಿಯ ಎದುರಿಗೇ ಆಗಬೇಕು.

ಬೇರೆಯವರ ರಕ್ತ ನಿಮ್ಮ ತಾಯಿಯ ಹೆಸರಿನ ಟ್ಯೂಬಿಗೆ ಹೋಗಿದ್ದರೆ ಏನಾಗುತ್ತಿತ್ತು ಗೊತ್ತಾ? ಲ್ಯಾಬಿನಲ್ಲಿ ಎಲ್ಲವೂ ಸರಿಯಾಗೇ ಬರುತ್ತಿತ್ತು! ಆ ಟ್ಯೂಬಿನಲ್ಲಿದ್ದ ರಕ್ತಕ್ಕೆ ತಕ್ಕ ಗುಂಪು, ಅದಕ್ಕೇ ಹೊಂದುವ ಕ್ರಾಸ್‌ಮ್ಯಾಚ್. ಮೊದಲು ಗುಂಪು ನೋಡಿದ ದಾಖಲೆ ಇಲ್ಲದಿದ್ದರೆ ಯಾವ ಮೆಷಿನ್ನೂ ಇದನ್ನು ಹಿಡಿಯುವುದಿಲ್ಲ. ಹಾಗೆ ಬಂದ ಚೀಲವನ್ನು ಆಪರೇಷನ್ ಥಿಯೇಟರಿನಲ್ಲಿ ಏರಿಸುತ್ತಿದ್ದರು. ಎ ಗುಂಪಿನವರಿಗೆ ಬಿ ರಕ್ತ ಹೋದರೆ ಮೈಯೇ ಅದರ ಮೇಲೆ ತಿರುಗಿ ಬೀಳುತ್ತದೆ, ಕಿಡ್ನಿ ಕೈಕೊಡುತ್ತದೆ, ಜೀವವೂ ಹೋಗಬಹುದು. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ವಿಷಯ ಬರೆದದ್ದು 1901ರಲ್ಲಿ. ಗುಂಪು ಗೊತ್ತಾಗಿ ಶತಮಾನ ದಾಟಿತು. ಟ್ಯೂಬಿನಲ್ಲಿರುವುದು ಯಾರ ರಕ್ತ ಅನ್ನುವಲ್ಲಿ ಇವತ್ತಿಗೂ ಎಡವುತ್ತೇವೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ 10 ದೇಶಗಳ ಆಸ್ಪತ್ರೆಗಳನ್ನು ನೋಡಿತ್ತು. ಸುಮಾರು 2,000 ಸ್ಯಾಂಪಲ್ಲಿಗೆ ಒಂದರಲ್ಲಿ ಟ್ಯೂಬಿನ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ರಕ್ತ.

ಬ್ರಿಟನ್ನಿನಲ್ಲಿ ಹೊಸ ರೋಗಿಯ ಗುಂಪನ್ನು ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸ್ಯಾಂಪಲ್ಲನ್ನು ಪ್ರತ್ಯೇಕವಾಗಿ ತೆಗೆಯುವ ಪದ್ಧತಿ ಇದೆ. ಅಲ್ಲಿ ಮೊದಲನೆಯದರಲ್ಲಿ ಏನೂ ತಪ್ಪಿಲ್ಲದಿದ್ದರೂ ನಿಮ್ಮ ತಾಯಿಗೆ ಎರಡನೇ ಸಲ ಚುಚ್ಚುತ್ತಿದ್ದರು.

ರಕ್ತವಾದರೆ ಮತ್ತೆ ತೆಗೆಯಬಹುದು. ಪರೀಕ್ಷೆಗೆಂದು ಮೈಯಿಂದ ಕತ್ತರಿಸಿ ತೆಗೆದ ಬಯಾಪ್ಸಿ ತುಂಡನ್ನು ಎಲ್ಲಿಂದ ತರುವುದು? ಆ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಬರೆಯುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಲ್ಯಾಬಿನಲ್ಲಿ ಎರಡು ಡಬ್ಬಿ ಒಟ್ಟಿಗೆ ತೆಗೆದು ಮುಚ್ಚಳ ಅದಲುಬದಲಾದರೆ ಒಬ್ಬರಿಗೆ ಇಲ್ಲದ ಕ್ಯಾನ್ಸರ್, ಇನ್ನೊಬ್ಬರಿಗೆ ಸುಳ್ಳು ನೆಮ್ಮದಿ.

ಇನ್ನು ಹೆಸರು ಕೇಳಿ ತಲೆ ತಿಂದದ್ದು. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕು. "ಲಕ್ಷ್ಮಮ್ಮ ಅಲ್ವಾ?" ಅಂದರೆ ಕಿವಿ ಮಂದವಾದ ಅಜ್ಜಿ "ಹೂಂ" ಅನ್ನುತ್ತಾರೆ. "ಸರೋಜಮ್ಮ ಅಲ್ವಾ?" ಅಂದರೂ "ಹೂಂ". ಡಾಕ್ಟರ್, ಸಿಸ್ಟರ್ ಎದುರಿಗೆ ಇಲ್ಲ ಅನ್ನುವ ಧೈರ್ಯ ನಮ್ಮ ಹಿರಿಯರಿಗೆ ಎಲ್ಲಿದೆ? ಅದಕ್ಕೇ "ನಿಮ್ಮ ಹೆಸರು ಹೇಳಿ ಅಮ್ಮ" ಅಂತ ಅವರ ಬಾಯಿಂದಲೇ ಹೇಳಿಸಬೇಕು. ಪ್ರತಿ ಸಲವೂ.

ನೆಂಟರೊಬ್ಬರನ್ನು ನೋಡಲು ಹೋದಾಗ ಒಂದು ವಾರ್ಡಿನಲ್ಲಿ ಕಂಡದ್ದು. ಮೇಜಿನ ಮೇಲೆ ಒಂದು ಟ್ರೇ. ನೇರಳೆ ಮುಚ್ಚಳದ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಆಗಲೇ ಲೇಬಲ್ ಅಂಟಿತ್ತು, ಒಳಗೆ ತೊಟ್ಟು ರಕ್ತವಿಲ್ಲ. ಸಿಸ್ಟರ್ ಮೂರನೇ ಮಂಚಕ್ಕೆ ಬಂದರೆ ರೋಗಿ ಬಾತ್‌ರೂಮಿಗೆ ಹೋಗಿದ್ದರು. ನಾಲ್ಕನೆಯವರ ಹತ್ತಿರ ಹೋದರು, ಕೈ ಮಾತ್ರ ಸಾಲಿನಲ್ಲಿದ್ದ ಮುಂದಿನ ಟ್ಯೂಬಿಗೇ ಹೋಯಿತು. ಮೂರನೆಯವರದ್ದು! ಪಕ್ಕದಲ್ಲಿದ್ದ ಮಗಳು ಲೇಬಲ್ ಓದಿ ಕೂಗಿದಳು, ಬಚಾವಾಯಿತು. ಆ ಸಿಸ್ಟರ್ ಸೋಮಾರಿ ಅಂತೀರಾ? ಇಡೀ ವಾರ್ಡಿಗೆ ಅವರೊಬ್ಬರೇ. ಅತ್ತ ಡ್ರಿಪ್ ಮುಗಿದಿತ್ತು, ಇತ್ತ ಫೋನ್ ಹೊಡೆದುಕೊಳ್ಳುತ್ತಿತ್ತು. ಮಣಿಕಟ್ಟಿನ ಪಟ್ಟಿ, ಬಾರ್‌ಕೋಡ್ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಬಾರ್‌ಕೋಡ್ ಸ್ಟಿಕರ್ರನ್ನೂ ಮೇಜಿನ ಹತ್ತಿರವೇ ಅಂಟಿಸಿಟ್ಟರೆ ಅದೇ ಕಥೆ ಅಲ್ವಾ?

ನನ್ನ ಹಳೆಯ ತಕರಾರು ಇಲ್ಲೇ ಇರುವುದು. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವುದು ನಮಗೆ ಉಸಿರಾಟದಷ್ಟು ಸಲೀಸು. ಬಸ್ ಸೀಟಿನಲ್ಲಿ ಅಡ್ಜಸ್ಟ್, ಜಮೀನಿನ ಪಹಣಿಯಲ್ಲಿ ಅಡ್ಜಸ್ಟ್. ಆಧಾರಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷಮ್ಮ, ವಯಸ್ಸು 'ಅರವತ್ತು ಇರಬಹುದು'. ಇದಕ್ಕೆ ಒಗ್ಗದೆ ಯಾರಾದರೂ 'ಆಗಲ್ಲ' ಅಂದರೆ ಅವರಿಗೆ ಮನುಷ್ಯತ್ವ ಇಲ್ಲ ಅಂತೇವೆ. ತಪ್ಪು ಹೊರಬಿದ್ದ ದಿನ ಮಾತ್ರ 'ಸಸ್ಪೆಂಡ್ ಮಾಡಿ' ಅಂತ ಗದ್ದಲ. ಮೆಮೊ ಬರುತ್ತದೆ ಅಂದರೆ ಯಾವ ಸಿಸ್ಟರ್ ತಾನೇ 'ಇವತ್ತು ಟ್ಯೂಬ್ ಅದಲುಬದಲಾಗುತ್ತಿತ್ತು' ಅಂತ ಬಂದು ಹೇಳುತ್ತಾರೆ?

ಕಂಪ್ಲೇಂಟ್ ಕೊಡಲೇಬೇಕೆಂದರೆ ಕೊಡಿ. ಬ್ಲಡ್ ಬ್ಯಾಂಕಿನ ಮೇಲಲ್ಲ. ಆ ವಾರ್ಡಿನಲ್ಲಿ ಒಂದು ಪಾಳಿಗೆ ಎಷ್ಟು ಸಿಸ್ಟರ್ ಇರುತ್ತಾರೆ, ಟ್ಯೂಬಿಗೆ ಲೇಬಲ್ ಎಲ್ಲಿ ನಿಂತು ಹಚ್ಚುತ್ತಾರೆ, ಈ ಎರಡನ್ನು ಸೂಪರಿಂಟೆಂಡೆಂಟರಿಗೆ ಬರೆದು ಕೇಳಿ. ಬಂದ ಉತ್ತರವನ್ನು ನನಗೂ ಕಳಿಸಿ, ಅಚ್ಚು ಹಾಕುತ್ತೇನೆ. ಅಮ್ಮನಿಗೆ ಬೇಗ ಗುಣವಾಗಲಿ.

– ಸಂಪಾದಕ