ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಮೂರೂವರೆ ಗಂಟೆಯ ದಾರಿಯೇ?

ಪ್ರಶ್ನೆ: ಮೇ ತಿಂಗಳಲ್ಲಿ ನಾನು, ನಮ್ಮ ಮನೆಯವರು ಸ್ಯಾನ್ ಫ್ರಾನ್ಸಿಸ್ಕೊಗೆ ಮಗನ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ನೇರ ವಿಮಾನ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. ವಾಪಸ್ ಬರುವಾಗ ಮಾತ್ರ ಶನಿವಾರ ರಾತ್ರಿ 8ಕ್ಕೆ ಹೊರಟರೆ ಸೋಮವಾರ ನಸುಕಿನ 1.30ಕ್ಕೆ ಬೆಂಗಳೂರು! ಟಿಕೆಟ್ ತಪ್ಪಾಗಿದೆಯೇ? ನಿಜವಾದ ದೂರ ಎಷ್ಟು?
– ಹಾಸನದ ಓದುಗರು

ಉತ್ತರ: ಟಿಕೆಟ್ ಸರಿಯಾಗಿಯೇ ಇದೆ. ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಮೇ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ 12.30 ಗಂಟೆ ಹಿಂದೆ ಇರುತ್ತದೆ. ಚಳಿಗಾಲದಲ್ಲಿ 13.30 ಗಂಟೆ. ನೀವು ಇಳಿಯುವಾಗ ಹಾಸನದಲ್ಲಿ ಮರುದಿನ ಬೆಳಿಗ್ಗೆ 6 ಆಗಿರುತ್ತದೆ. ಅಂದರೆ ಪ್ರಯಾಣ 16 ಗಂಟೆ. ಬರುವಾಗ 17.

ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಈ ಲೆಕ್ಕ ಬರುವುದಿಲ್ಲ. ಆ ಗೆರೆ ಹಿಡಿದು ಹೋದರೆ 16,000 ಕಿ.ಮೀ. ದಾಟುತ್ತದೆ. ಭೂಮಿ ದುಂಡಗಿದೆ, ನಕ್ಷೆ ಚಪ್ಪಟೆ, ಅಲ್ವಾ? ಮೊಮ್ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಚೀನಾ ಮೇಲೆ ಹಾದು, ರಷ್ಯಾದ ಈಶಾನ್ಯ ತುದಿಯ ಹಿಮದ ಕಡಲಂಚು ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಸೀಟಿನ ಎದುರಿನ ಪರದೆಯಲ್ಲಿ ವಿಮಾನ ಸೀದಾ ಉತ್ತರಕ್ಕೆ ಹೋಗುವುದು ಕಂಡರೆ ಗಾಬರಿ ಬೇಡ.

ಆದರೆ ವಿಮಾನ ದಾರದ ಗೆರೆಯಲ್ಲೇ ಹಾರುವುದಿಲ್ಲ. ಗಾಳಿ ನೋಡಿಕೊಂಡು ಪ್ರತಿದಿನ ದಾರಿ ಬದಲಿಸುತ್ತಾರೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಗಳೇ ಇವೆ. ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ಅದು ಬೆನ್ನಿಗಿದ್ದರೆ ಸಮಯವೂ ಇಂಧನವೂ ಉಳಿಯುತ್ತದೆ, ಎದುರಿಗಿದ್ದರೆ ಎರಡೂ ಜಾಸ್ತಿ ಬೇಕು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿದರು. ಅವತ್ತಿನ ಸುದ್ದಿ ಓದುವಾಗ ನನಗಾದ ಹೆಮ್ಮೆ ಈಗಲೂ ನೆನಪಿದೆ. 9ರ ರಾತ್ರಿ ಹೊರಟವರು ಇಳಿದದ್ದು 11ರ ಬೆಳಗಿನ ಜಾವ. ನಿಮ್ಮ ಭಾನುವಾರದ ಹಾಗೆಯೇ ಅವರ 10ನೇ ತಾರೀಕೂ ಆಕಾಶದಲ್ಲೇ ಕಳೆಯಿತು.

ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಟಿಕೆಟ್‌ನ ಸಮಯ ನಂಬಿಕೊಳ್ಳಬೇಡಿ. ಇಳಿಯುವವರೆಗೂ ಕೈಗಡಿಯಾರ ನಮ್ಮೂರ ಸಮಯದಲ್ಲೇ ಇರಲಿ. ಅಲ್ಲಿಗೆ ಹೋದ ಮೇಲೆ ಯಾವ ಹೊತ್ತಿಗೆ ಎಂದು ಡಾಕ್ಟರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನು ವಾಪಸ್ ಬರುವಾಗ ಕಾರಿಗೆ ‘ಸೋಮವಾರ’ ಎಂದಷ್ಟೇ ಹೇಳಿದರೆ ಡ್ರೈವರ್ ಸೋಮವಾರ ರಾತ್ರಿ ಬಂದು ನಿಲ್ಲಬಹುದು. ಭಾನುವಾರ ರಾತ್ರಿ ಎಂಟಕ್ಕೇ ಹಾಸನ ಬಿಡಬೇಕು ಅಂತ ಬಿಡಿಸಿ ಹೇಳಿ.