ಎಕೋದಲ್ಲಿ ಇಎಫ್ 55 ಇದ್ದರೂ ಹೃದಯ ವೈಫಲ್ಯ ಎನ್ನುವುದು ಸರಿಯೇ?

88 ವರ್ಷದ ನಿಮ್ಮ ಅಜ್ಜಿ ಏದುಸಿರೆಂದು ಮೂರನೆಯ ಬಾರಿ ಆಸ್ಪತ್ರೆ ಸೇರಿದ್ದಾರೆ, ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಇಎಫ್ (ಎಜೆಕ್ಷನ್ ಫ್ರ್ಯಾಕ್ಷನ್) ಶೇ. 55, ಅಂದರೆ ಸಹಜ ಮಟ್ಟದಲ್ಲೇ ಇದೆ, ಆದರೂ ಹೃದಯ ವೈಫಲ್ಯ ಎನ್ನುತ್ತಿರುವುದು ಹೇಗೆ, ಇದು ಮತ್ತೆ ಮತ್ತೆ ಮರುಕಳಿಸುವುದೇಕೆ ಎಂದು ಕೇಳಿದ್ದೀರಿ. ವಯೋವೃದ್ಧರ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯನಾಗಿ ಉತ್ತರಿಸುತ್ತಿದ್ದೇನೆ.

ರೋಗನಿರ್ಣಯ ಸರಿಯೇ ಇರಬಹುದು. ಎಡ ಹೃತ್ಕುಕ್ಷಿಯು (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ತನ್ನಲ್ಲಿ ತುಂಬಿದ ರಕ್ತದ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬುದಷ್ಟೇ ಇಎಫ್. ತುಂಬಿಕೊಳ್ಳುವಾಗ ಅದು ಎಷ್ಟು ಸಡಿಲಗೊಳ್ಳುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ದಶಕಗಳ ರಕ್ತದೊತ್ತಡ ಮತ್ತು ವಯಸ್ಸಿನಿಂದ ಸ್ನಾಯು ಪೆಡಸಾದರೆ ಒಳಗಿನ ಒತ್ತಡ ಏರಿ, ಹಿಂದಿರುವ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಎಂಬತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಈ ಬಗೆಯೇ ಹೆಚ್ಚು. ‘ವೈಫಲ್ಯ’ ಎಂಬ ಪದ ನನಗಂತೂ ಹಿಡಿಸುವುದಿಲ್ಲ. ಹೃದಯ ಇನ್ನೇನು ನಿಂತೇಹೋಗುತ್ತದೆಂದು ಮನೆಯವರು ಕಂಗಾಲಾಗುತ್ತಾರೆ.

ಮರಳಿ ಬಂದವರ ಮನೆಯವರಿಗೆ ಮಾತ್ರೆಗಳ ಚೀಲವನ್ನು ತರಲು ನಾನು ಮೊದಲು ಹೇಳುತ್ತೇನೆ. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಅದರಲ್ಲಿ ಎಷ್ಟೋ ಸಲ ಸಿಗುತ್ತದೆ. ಇವು ಮೂತ್ರಪಿಂಡವು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ಇನ್ನು ಕೆಲವರು ಮದುವೆಗೆ ಹೋಗುವಾಗ ದಾರಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಮೈಯ ನೀರು ಇಳಿಸುವ ಲ್ಯಾಸಿಕ್ಸ್ ಮಾತ್ರೆ ಬಿಟ್ಟಿರುತ್ತಾರೆ, ಅಲ್ಲಿ ಹಪ್ಪಳ, ಉಪ್ಪಿನಕಾಯಿಯನ್ನೂ ತಿಂದು ಬರುತ್ತಾರೆ. ಉಪ್ಪು ಕಡಿಮೆ ಮಾಡಲು ‘ಲೋ ಸೋಡಿಯಂ’ ಉಪ್ಪು ತರುವುದೂ ಉಂಟು. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ, ಸ್ಪಿರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಮಾತ್ರೆ) ನುಂಗುತ್ತಿರುವ, ಮೂತ್ರಪಿಂಡದ ಕೆಲಸ ಕುಗ್ಗಿರುವ ಅಜ್ಜಿಗೆ ಅದು ಅಪಾಯಕಾರಿ. ಇದೇ ಕಾರಣಕ್ಕೆ ದಿನವೂ ಎಳನೀರು ಕುಡಿಸುವುದೂ ಬೇಡ.

ಈ ವಯಸ್ಸಿನ ಹಲವರು ಏದುಸಿರು ಬರುವಷ್ಟು ನಡೆಯುವುದೇ ಇಲ್ಲ. ಆದ್ದರಿಂದ ಊಟ ಸೇರದಿರುವುದು, ಮಾತು ತಡವರಿಸಿ ಮಂಕಾಗುವುದು, ರಾತ್ರಿ ಮಲಗಲೊಲ್ಲದೆ ಗೋಡೆಗೊರಗಿ ಕೂರುವುದು ಇವನ್ನೇ ಮುನ್ಸೂಚನೆಯೆಂದು ತಿಳಿಯಿರಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುನ್ನ, ಒಂದೇ ತೂಕಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರೇ. ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಆ ಕಾಯಿಲೆಯ ಮಾತ್ರೆಯಾದ ಎಂಪಾಗ್ಲಿಫ್ಲೋಜಿನ್ ಬರೆದುಕೊಟ್ಟರೆ ಗಾಬರಿಯಾಗಬೇಡಿ. ಇಎಫ್ ಶೇ. 40ಕ್ಕಿಂತ ಹೆಚ್ಚಿರುವ ಸುಮಾರು 6,000 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ತಗ್ಗಿಸಿತು, ಆಯಸ್ಸನ್ನು ಹೆಚ್ಚಿಸಿದ್ದು ಮಾತ್ರ ಸಾಬೀತಾಗಲಿಲ್ಲ. ವಾಂತಿ, ಭೇದಿ ಆಗಿ ಊಟ ಬಿಟ್ಟ ದಿನ ಅದನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬಿಡುಗಡೆಯ ದಿನ, ಊತವೆಲ್ಲ ಇಳಿದ ಮೇಲಿನ ತೂಕ ಎಷ್ಟೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ನೀವು ಹೋಲಿಸಿ ನೋಡಬೇಕಾದದ್ದು ಆ ಸಂಖ್ಯೆಯನ್ನು.