21ಕ್ಕೆ ಡಾನ್ಸ್ ಕಲಿಯಲು ಶುರು ಮಾಡಿ ಅದರಲ್ಲೇ ಬದುಕಬಹುದೇ?

"ನನಗೀಗ 21. ಇದುವರೆಗೆ ಯಾವ ಕ್ಲಾಸಿಗೂ ಹೋಗಿಲ್ಲ, ವಿಡಿಯೊ ನೋಡಿಕೊಂಡು ಮನೆಯಲ್ಲೇ ಕುಣಿಯುತ್ತೇನೆ. ಈಗ ಕಲಿಯಲು ಶುರು ಮಾಡಿದರೆ ಡಾನ್ಸರ್ ಆಗಿ ಬದುಕಲು ಆಗುತ್ತಾ, ಇಲ್ಲ ತಡವಾಯಿತಾ?" ಎಂದು ಕೇಳಿದ್ದೀರಿ. ನಾನು ಮೊದಲ ಕ್ಲಾಸಿಗೆ ಹೋದಾಗ ನನಗೆ 20. ಆಮೇಲೆ ಹನ್ನೆರಡು ವರ್ಷ ಕಾಂಟೆಂಪರರಿ, ಅಂದರೆ ಈ ಕಾಲದ ವೇದಿಕೆ ನೃತ್ಯದ, ಡಾನ್ಸರ್ ಆಗಿ ಕೆಲಸ ಮಾಡಿದೆ. ಈಗ ವೇದಿಕೆಗಿಂತ ಕಲಿಸುವುದೇ ಜಾಸ್ತಿ. ಇದೇ ಪ್ರಶ್ನೆ ಹೊತ್ತುಕೊಂಡು ಒಂದು ಕಾಲದಲ್ಲಿ ನಾನೂ ನಿದ್ದೆಗೆಟ್ಟಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಯಾವ ನೃತ್ಯ ಎಂದು ನೀವು ಹೇಳಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ. ಬ್ಯಾಲೆ ಆದರೆ, ದೊಡ್ಡ ನೃತ್ಯ ಕಂಪನಿಯಲ್ಲಿ ಜಾಗ ಸಿಗುವುದು ಬಹುತೇಕ ಆಗದ ಮಾತು. ಇದನ್ನು ಸಿಹಿ ಹಚ್ಚಿ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ತಡವಾಗಿ ಶುರು ಮಾಡಿಯೂ ಗೆದ್ದವರು ಅಂತ ಎಲ್ಲರೂ ಎರಡು ಹೆಸರು ಹೇಳುತ್ತಾರೆ. ಮಿಸ್ಟಿ ಕೋಪ್‌ಲ್ಯಾಂಡ್ 13ನೇ ವಯಸ್ಸಿನಲ್ಲಿ ಶುರು ಮಾಡಿ, 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಿನ್ಸಿಪಲ್ ಡಾನ್ಸರ್, ಅಂದರೆ ಪ್ರಧಾನ ನರ್ತಕಿ, ಆದರು. ಮುಂದೆ ಜಗತ್ಪ್ರಸಿದ್ಧರಾದ ಸೋವಿಯತ್ ಬ್ಯಾಲೆ ನರ್ತಕ ರುಡಾಲ್ಫ್ ನುರಿಯೆವ್ ಲೆನಿನ್‌ಗ್ರಾಡ್‌ನ ಬ್ಯಾಲೆ ಶಾಲೆ ಸೇರಿದ್ದು 1955ರಲ್ಲಿ, 17ನೇ ವಯಸ್ಸಿಗೆ. ಆದರೆ ನುರಿಯೆವ್ ಅದಕ್ಕೂ ಮುಂಚೆ ಹುಡುಗನಾಗಿದ್ದಾಗಿನಿಂದ ಜನಪದ ನೃತ್ಯ ಮಾಡಿದ್ದರು. 13 ಕೂಡ ತಡ ಅನ್ನಿಸಿಕೊಳ್ಳುವ ಜಗತ್ತು ಅದು. ಇದಕ್ಕೆ ಕಾರಣವೂ ಇದೆ. ಬ್ಯಾಲೆಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದ್ದು ಸೊಂಟದ ಕೀಲಿನಿಂದ. 21ರ ಹೊತ್ತಿಗೆ ಆ ಮೂಳೆಯ ಆಕಾರ ನಿಂತುಹೋಗಿರುತ್ತದೆ. ಹಟ ಹಿಡಿದು ಪಾದ ತಿರುಗಿಸಿದರೆ ಪೆಟ್ಟು ಬೀಳುವುದು ಮೊಣಕಾಲಿಗೆ.

ಕಾಂಟೆಂಪರರಿ, ಹಿಪ್‌ಹಾಪ್, ಬ್ರೇಕಿಂಗ್ (ಬ್ರೇಕ್ ಡಾನ್ಸ್), ಹಾಡುಗಳ ಶೂಟಿಂಗ್ ಮತ್ತು ಶೋಗಳ ಡಾನ್ಸ್ ಆದರೆ ಮಾತೇ ಬೇರೆ. ಮ್ಯಾಥ್ಯೂ ಬೋರ್ನ್ ಕ್ರಮವಾಗಿ ನೃತ್ಯ ಕಲಿಯಲು ಶುರು ಮಾಡಿದ್ದು 22ನೇ ವಯಸ್ಸಿನಲ್ಲಿ. ಮುಂದೆ ಸ್ವಂತ ಕಂಪನಿ ಕಟ್ಟಿ ಜಗತ್ತಿಗೆಲ್ಲ ಗೊತ್ತಿರುವ ಕೊರಿಯೋಗ್ರಾಫರ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಹೋದ ಬ್ರೇಕಿಂಗ್ ಹುಟ್ಟಿದ್ದೇ ಬೀದಿಯಲ್ಲಿ, ಪಾರ್ಟಿಗಳಲ್ಲಿ. ಅಲ್ಲಿ ಯಾರೂ ನೀವು ಯಾವಾಗ ಶುರು ಮಾಡಿದಿರಿ ಎಂದು ಕೇಳುವುದಿಲ್ಲ.

ವಯಸ್ಸಿನ ಮಾತು ಇಷ್ಟೇ. ನನಗೆ ಹೇಳಬೇಕು ಅನ್ನಿಸುವುದು ಬೇರೆಯೇ ಇದೆ. ಡಾನ್ಸರ್‌ಗೆ ಹಣ ಕೊಡುವುದು ಅವರಿಗೆ ಆಗಲೇ ಬರುವ ಸ್ಟೆಪ್‌ಗಳಿಗಲ್ಲ. ಹೊಸದನ್ನು ಬೇಗ ಕಲಿಯುವುದಕ್ಕೆ. ಇದು ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದೇ ಇಲ್ಲ. ನನಗೂ ಗೊತ್ತಿರಲಿಲ್ಲ.

ನನ್ನ ಮೊದಲ ಆಡಿಷನ್ ಹೇಳುತ್ತೇನೆ. ಎದೆಗೆ ಒಂದು ನಂಬರ್ ಚುಚ್ಚಿಕೊಂಡು ಅರವತ್ತು ಜನ ನಿಂತಿದ್ದೆವು. ಕೊರಿಯೋಗ್ರಾಫರ್ ಹತ್ತು ನಿಮಿಷದಲ್ಲಿ ಎಂಟೆಂಟು ಕೌಂಟ್‌ಗಳ (ತಾಳದ ಎಣಿಕೆಗಳ) ನಾಲ್ಕು ತುಣುಕುಗಳಷ್ಟು ಚಲನೆ ತೋರಿಸಿದರು. ಎರಡು ಸಲ ಎಲ್ಲರೂ ಒಟ್ಟಿಗೆ ಮಾಡಿದೆವು. ಆಮೇಲೆ ನಾಲ್ಕು ನಾಲ್ಕು ಜನರನ್ನು ಕರೆದರು. ನಾನು ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡಿದ್ದ ತಿರುಗು, ಜಿಗಿತ ಯಾವುದನ್ನೂ ಯಾರೂ ಕೇಳಲಿಲ್ಲ. ಮೂರನೇ ಕೌಂಟ್‌ನಲ್ಲಿ ತಲೆ ಖಾಲಿಯಾಯಿತು. ಪಕ್ಕದವರನ್ನು ನೋಡಿಕೊಂಡು ಮುಗಿಸಿದೆ. ಮೊದಲ ಸುತ್ತಿನಲ್ಲೇ ಹೊರಗೆ ಬಂದೆ. ಅವತ್ತು ಆಯ್ಕೆಯಾದವರಲ್ಲಿ ಒಬ್ಬಳ ಕಾಲು ನನ್ನಷ್ಟೂ ಎತ್ತರ ಏಳುತ್ತಿರಲಿಲ್ಲ. ಆದರೆ ಎರಡನೇ ಸಲಕ್ಕೇ ಆ ಚಲನೆ ಅವಳದೇ ಅನ್ನುವಂತೆ ಮಾಡಿದಳು.

ಮನೆಗೆ ಬಂದು ನಾಲ್ಕು ದಿನ ಅದನ್ನೇ ಯೋಚಿಸಿದೆ. ನನ್ನ ಶಿಕ್ಷಕಿಗೆ ಹೇಳಿದಾಗ ಅವರು ಮುಂದಿನ ಕ್ಲಾಸಿನಲ್ಲಿ ಕನ್ನಡಿಗೆ ಪರದೆ ಎಳೆದರು. ಅವತ್ತು ಗೊತ್ತಾಯಿತು. ನಾನು ಇಷ್ಟು ದಿನ ಕುಣಿಯುತ್ತಿದ್ದದ್ದು ಮುಂದಿನ ಸಾಲಿನವರನ್ನು ಹಿಂಬಾಲಿಸಿ, ಅರ್ಧ ಕೌಂಟ್ ಹಿಂದೆ. ಕಣ್ಣು ಕಲಿತಿತ್ತು, ಮೈ ಕಲಿತಿರಲಿಲ್ಲ. ವಿಡಿಯೊ ನೋಡಿ ಕಲಿತವರಿಗೆ ಇದು ಬಹಳ ಇರುತ್ತದೆ, ನಿಮಗೂ ಇರಬಹುದು. ವಿಡಿಯೊದಲ್ಲಿ ಕೈ ಎಲ್ಲಿಗೆ ಹೋಯಿತು ಅನ್ನುವುದು ಕಾಣುತ್ತದೆ. ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಅದು ಗೊತ್ತಾಗದೆ ಮುಂದಿನ ಹೆಜ್ಜೆಗೆ ಹೋಗಲು ಆಗುವುದಿಲ್ಲ, ಅಲ್ವಾ?

ಆಮೇಲೆ ನಾನು ಹೀಗೆ ಅಭ್ಯಾಸ ಮಾಡಿದೆ. ದಿನಕ್ಕೊಂದು ಚಿಕ್ಕ ತುಣುಕು, ಎಂಟೆಂಟು ಕೌಂಟ್ ಎರಡು ಸಲ, ಅಷ್ಟೇ. ಮೊದಲ ಸಲ ನೋಡುವಾಗ ಪಾದ ಮತ್ತು ಭಾರ ಮಾತ್ರ. ಎರಡನೇ ಸಲ ಬೆನ್ನು, ತಲೆ, ನೋಟದ ದಿಕ್ಕು. ಕೈ ಕೊನೆಗೆ. ಬಾಯಲ್ಲಿ ಕೌಂಟ್ ಹೇಳಿಕೊಂಡು ಮಾರ್ಕ್ ಮಾಡುವುದು, ಅಂದರೆ ಪೂರ್ತಿ ಶಕ್ತಿ ಹಾಕದೆ ಚಲನೆಯನ್ನು ಸಣ್ಣದಾಗಿ ಮಾಡಿ ನೋಡುವುದು. ಆಮೇಲೆ ಕನ್ನಡಿಗೆ ಬೆನ್ನು ಹಾಕಿ ಪೂರ್ತಿಯಾಗಿ ಮಾಡುವುದು. ಮರುದಿನ ಅದನ್ನೇ ಎಡದಿಂದ ಶುರು ಮಾಡುವುದು. ಎಂಟು ತಿಂಗಳಲ್ಲಿ ನಾನು ಹಿಡಿಯುವ ವೇಗ ಬದಲಾಯಿತು. ಮೈ ಬಾಗುವುದಕ್ಕೆ ವಯಸ್ಸು ಅಡ್ಡ ಬರಬಹುದು, ಇದಕ್ಕೆ ಬರುವುದಿಲ್ಲ.

ಇನ್ನು ಗಾಯ. ತಡವಾಗಿ ಶುರು ಮಾಡಿದವರಿಗೆ ಎಲ್ಲರ ಜೊತೆ ಬೇಗ ಸೇರಿಕೊಳ್ಳುವ ಆತುರ ಇರುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲವಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಮತ್ತು ಮೂಳೆ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಆದ್ದರಿಂದ "ಈಗ ನನಗೆ ಶಕ್ತಿ ಬಂತು" ಅನ್ನಿಸುವ ಹೊತ್ತಿಗೇ ಗಾಯವಾಗುತ್ತದೆ. ನಾನು ಎರಡನೇ ವರ್ಷ ಸಿಮೆಂಟ್ ನೆಲದ ಒಂದು ಹಾಲ್‌ನಲ್ಲಿ ದಿನಾ ಜಿಗಿತ ಅಭ್ಯಾಸ ಮಾಡಿದೆ. ಕಾಲಿನ ಮುಂಭಾಗದ ಮೂಳೆ ನೋಯುತ್ತಿದೆ ಎಂದಾಗ, ಕಲಿಸುತ್ತಿದ್ದವರು ನೋವು ಇದ್ದರೇ ಕಲಿಕೆ ಎಂದರು. ನಂಬಿದೆ. ಅದು ಮೂಳೆಯ ಸಣ್ಣ ಬಿರುಕು. ಮೂರು ತಿಂಗಳು ಕೂತೆ. ಆ ಮೂರು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಜಿಗಿಯುವ ನೆಲ ಕೆಳಗೆ ಸ್ವಲ್ಪ ಒತ್ತಿಕೊಳ್ಳುವಂಥ ಮರದ್ದಾಗಿರಬೇಕು. ಇಳಿಯುವಾಗ ಬೆರಳು, ಮುಂಪಾದ, ಹಿಮ್ಮಡಿ ಈ ಕ್ರಮದಲ್ಲಿ ನೆಲ ಮುಟ್ಟಬೇಕು, ಮೊಣಕಾಲು ಎರಡನೇ ಬೆರಳಿನ ನೇರಕ್ಕೆ ಮಡಿಯಬೇಕು. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ನೋಯುವ, ರಾತ್ರಿಯೂ ಬಿಡದ ನೋವು ಇದ್ದರೆ ಅದನ್ನು ಆಯಾಸ ಅಂದುಕೊಳ್ಳಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಊಟ ಬಿಟ್ಟು ತೆಳ್ಳಗಾಗಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಖರ್ಚಾಗುವಷ್ಟು ತಿನ್ನದಿದ್ದರೆ ಮೂಳೆ ಸವೆಯುತ್ತದೆ, ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು, ಬಿರುಕುಗಳು ಜಾಸ್ತಿಯಾಗುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟು ಎಚ್ಚರಿಸಿದೆ. ಈ ವಿಷಯದಲ್ಲಿ ನನಗೆ ಸಮಾಧಾನದಿಂದ ಮಾತಾಡಲು ಬರುವುದಿಲ್ಲ, ಒಳ್ಳೊಳ್ಳೆಯ ಡಾನ್ಸರ್‌ಗಳು ಹೀಗೇ ಕೆಲಸ ಬಿಟ್ಟಿದ್ದನ್ನು ಕಂಡಿದ್ದೇನೆ.

ಡಾನ್ಸರ್ ಆಗಿ ಬದುಕಲು ಆಗುತ್ತಾ ಎಂದು ಕೇಳಿದ್ದೀರಿ, ಅಂದರೆ ಹಣದ ವಿಷಯ. ಕಂಪನಿಯಲ್ಲಿ ತಿಂಗಳ ಸಂಬಳ ಸಿಗುವವರು ಕೆಲವೇ ಜನ. ಉಳಿದವರದು ಶೋ ಲೆಕ್ಕ, ಪ್ರಾಜೆಕ್ಟ್ ಲೆಕ್ಕ. ಎರಡು ಪ್ರಾಜೆಕ್ಟ್‌ಗಳ ನಡುವೆ ತಿಂಗಳುಗಟ್ಟಲೆ ಖಾಲಿ ಇರುತ್ತದೆ. ನಾನು ಮೊದಲ ಐದು ವರ್ಷ ಬೆಳಿಗ್ಗೆ ಮಕ್ಕಳಿಗೆ ಕಲಿಸಿ, ಮಧ್ಯಾಹ್ನ ರಿಹರ್ಸಲ್‌ಗೆ ಹೋಗುತ್ತಿದ್ದೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ರಿಹರ್ಸಲ್ ದಿನಗಳಿಗೂ ಹಣ ಇದೆಯಾ, ಗಾಯವಾದರೆ ಖರ್ಚು ಯಾರದು, ವಿಡಿಯೊವನ್ನು ಅವರು ಎಲ್ಲೆಲ್ಲಿ ಬಳಸಬಹುದು ಎಂದು ಕೇಳಿ. ಕೇಳಿದ್ದಕ್ಕೆ ಕೆಲಸ ತಪ್ಪಿದರೆ ತಪ್ಪಲಿ.

ಇದು ಜೀವನಪೂರ್ತಿ ಹೀಗೇ ನಡೆಯುವ ಕೆಲಸವೂ ಅಲ್ಲ. ಪ್ಯಾರಿಸ್ ಒಪೆರಾ ಬ್ಯಾಲೆಯಲ್ಲಿ 42ಕ್ಕೆ ನಿವೃತ್ತಿ. ಅಮೆರಿಕದ ಮಾಡರ್ನ್ ಡಾನ್ಸರ್ ಮಾರ್ಥಾ ಗ್ರಹಾಂ 70 ದಾಟಿದ ಮೇಲೂ ವೇದಿಕೆಯಲ್ಲಿದ್ದರು, ಆದರೆ ಅವರದು ಸ್ವಂತ ಕಂಪನಿ. ನೀವು ಕಲಿಯುವಾಗಲೇ ಕಲಿಸುವುದು, ಲೈಟಿಂಗ್, ಕೊರಿಯೋಗ್ರಫಿ, ಹೀಗೆ ಯಾವುದಾದರೂ ಒಂದಕ್ಕೆ ಕಿವಿ ತೆರೆದಿಟ್ಟುಕೊಳ್ಳಿ.

ಈಗ ನಿಮ್ಮ ಕೆಲಸ ಕ್ಲಾಸ್ ಹುಡುಕುವುದು. ದುಡ್ಡು ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಕೂತು ನೋಡುತ್ತೇನೆ ಎಂದು ಕೇಳಿ. ವಾರ್ಮ್‌ಅಪ್ ಮಾಡಿಸುತ್ತಾರಾ ನೋಡಿ. ಶಿಕ್ಷಕರು ತಪ್ಪು ತಿದ್ದುವಾಗ ಕಾರಣ ಹೇಳುತ್ತಾರಾ, ಇಲ್ಲ ತಾವು ಕುಣಿದು ತೋರಿಸಿ ಮುಂದೆ ಹೋಗುತ್ತಾರಾ ಗಮನಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಸಾಲನ್ನು ನೋಡಿ. ಒಳ್ಳೆಯ ಕ್ಲಾಸಿನಲ್ಲಿ ಶಿಕ್ಷಕರು ಅಲ್ಲಿಯವರೆಗೂ ನಡೆದು ಹೋಗುತ್ತಾರೆ. ಮೊದಲ ಕೆಲವು ತಿಂಗಳು ನೀವು ನಿಲ್ಲುವುದು ಅಲ್ಲೇ.